ಓಟ ಇದೆ, ಆದರೂ ಬೇಸ್ ಕದಿಯಲು ಬರುತ್ತಿಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ರಿಕಿ ಹೆಂಡರ್ಸನ್ ಹೇಗೆ ಕದಿಯುತ್ತಿದ್ದ?

ಮುಧೋಳ ಪಿ.ಟಿ. ಮಾಸ್ತರ್

ನಮಸ್ಕಾರ್ರೀ ಎಲ್ಲರಿಗೂ. ನಾನು ಮುಧೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್. 18 ವರ್ಷ ಖೋಖೋ, ಕಬಡ್ಡಿ ಆಡಿಸಿಕೊಂಡು ಬಂದವನು. ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿರುವುದೆಲ್ಲಾ ಹೋದ ಜೂನ್‌ನಿಂದ ಈಚೆಗೆ ಕಲಿತದ್ದು. ಪ್ರಶ್ನೆ ಹುಡುಗಾಟದ್ದು ಅನಿಸಿದರೆ ನಗಿ, ಆದರೆ ಉತ್ತರ ಕೊಟ್ಟು ನಗಿ.

ಆಗಿದ್ದು ಇಷ್ಟು. ನಮ್ಮ ಸ್ಟೋರ್ ರೂಮಿನಲ್ಲಿ ಯಾವ ಕಾಲದಲ್ಲೋ ಬಂದ ಒಂದು ಸಾಫ್ಟ್‌ಬಾಲ್ ಕಿಟ್ ಬಿದ್ದಿತ್ತು. ಎರಡು ಬ್ಯಾಟು, ಏಳು ಗ್ಲೌಸು, ಕ್ಯಾಚರ್ (ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವವನು) ಮುಖಕ್ಕೆ ಹಾಕಿಕೊಳ್ಳುವ ಜಾಳಿಗೆ. ಒಂದು ಗ್ಲೌಸಿನ ಹೆಬ್ಬೆರಳನ್ನು ಇಲಿ ತಿಂದಿತ್ತು. ಜೂನ್‌ನಲ್ಲಿ ಖೋಖೋ ಅಂಕಣ ಕೆಸರಾದಾಗ ಹುಡುಗರು ಅದನ್ನು ಹೊರಗೆ ಎಳೆದರು. ಗೋಣಿಚೀಲ ಮಡಚಿ ಬೇಸ್, ಅಂದರೆ ಓಡುವವನು ಒಂದೊಂದಾಗಿ ಮುಟ್ಟಬೇಕಾದ ಗುರುತು, ಮಾಡಿದೆವು. ನಾನು ಮೊಬೈಲಿನಲ್ಲಿ ನಿಯಮ ನೋಡುತ್ತಾ ನೋಡುತ್ತಾ ಆಡಿಸಿದೆ. ಈಗ ಸಂಜೆ ಖೋಖೋಗೆ ಕರೆದರೆ ಯಾರೂ ಬರುವುದಿಲ್ಲ. "ಸರ, ಸಾಫ್ಟ್‌ಬಾಲ್ ಆಡೂಣ್ರಿ" ಅನ್ನುತ್ತಾರೆ.

ಅವರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ. ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹುಡುಗ ಕಡ್ಡಿ ಇದ್ದ ಹಾಗೆ ಇದ್ದಾನೆ, ಆದರೆ ಓಟ ಅಂದರೆ ಓಟ. ನನ್ನ ಸ್ಟಾಪ್‌ವಾಚ್‌ನಲ್ಲಿ 100 ಮೀಟರ್‌ಗೆ 12.3 ಸೆಕೆಂಡ್. ಅದೂ ಬರಿಗಾಲಲ್ಲಿ, ಗರಸಿನ ಮೇಲೆ. ಊರಿನವರು ಅವನನ್ನು ಮುಧೋಳ ನಾಯಿ ಅಂತಲೇ ಕರೆಯುತ್ತಾರೆ. ಬೈಗುಳ ಅಲ್ಲ, ನಮ್ಮ ಕಡೆ ಅದು ಹೊಗಳಿಕೆ.

ಅವನ ಓಟ ನಾನು ಮೊದಲು ನೋಡಿದ್ದು ಮೈದಾನದಲ್ಲಿ ಅಲ್ಲ, ರಸ್ತೆಯಲ್ಲಿ. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್ ಹಿಂದೆ ಓಡಿ ಟ್ರೇಲರ್‌ನಿಂದ ಕಬ್ಬು ಜಗ್ಗುವುದು ನಮ್ಮಲ್ಲಿ ಎಲ್ಲಾ ಹುಡುಗರ ಚಟ. ಉಳಿದವರು ಒಂದು ಜಗ್ಗುವಷ್ಟರಲ್ಲಿ ಇವನು ಮೂರು ಜಗ್ಗಿ ಬದಿಗೆ ಸರಿದಿರುತ್ತಾನೆ. ಯಾವ ಡ್ರೈವರ್ ಕನ್ನಡಿಗೂ ಇವನು ಬಿದ್ದಿಲ್ಲವಂತೆ. ಎರಡು ಟ್ರೇಲರ್ ನಡುವೆ ಕಾಲು ಸಿಕ್ಕರೆ ಜೀವ ಹೋಗುತ್ತದೆ ಎಂದು ನಾನು ಕಿವಿ ಹಿಂಡಿ ಆ ಚಟ ಬಿಡಿಸಿದ್ದೇನೆ, ಅದು ಬೇರೆ ಮಾತು.

ಇಷ್ಟು ಓಟ ಇದ್ದೂ ಬೇಸ್ ಕದಿಯಲು ಹೋದರೆ ಔಟ್. ಕದಿಯುವುದು ಅಂದರೆ ಗೊತ್ತಲ್ವಾ, ಬ್ಯಾಟಿನಿಂದ ಹೊಡೆತ ಬೀಳದೆಯೇ, ಪಿಚರ್ ಚೆಂಡು ಎಸೆಯುವ ಹೊತ್ತಿಗೆ ಓಡಿ ಮುಂದಿನ ಬೇಸ್ ಮುಟ್ಟುವುದು. ಇವನು ಕೆಲವು ಸಲ ಬೇಗ ಹೊರಟು ಮೊದಲ ಬೇಸಿನಲ್ಲೇ ಸಿಕ್ಕಿಬೀಳುತ್ತಾನೆ. ಉಳಿದ ಸಲ ಎರಡನೇ ಬೇಸಿನಲ್ಲಿ ಚೆಂಡು ಇವನಿಗಾಗಿ ಕಾಯುತ್ತಾ ಕೂತಿರುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ವಾಟ್ಸಾಪ್‌ನಲ್ಲಿ ರಿಕಿ ಹೆಂಡರ್ಸನ್‌ನ ವಿಡಿಯೊ ಕಳಿಸಿದ. ಒಂದು ಸೀಸನ್‌ನಲ್ಲಿ 130 ಬೇಸ್, ಒಟ್ಟು 1406 ಬೇಸ್ ಕದ್ದವನಂತೆ. ನಾನು ಅದನ್ನು ಹುಡುಗನಿಗೆ ತೋರಿಸಿದ್ದೇ ತಪ್ಪಾಯಿತು. ಮರುದಿನ ಅವನ ಹಾಗೆಯೇ ಎದೆ ಕೊಟ್ಟು ಗರಸಿನ ಮೇಲೆ ಹಾರಿದ. ಮೊಣಕೈಯಿಂದ ಎದೆತನಕ ಚರ್ಮ ಕಿತ್ತು ಬಂತು. ಅವರ ಅವ್ವ ಶಾಲೆಗೇ ಬಂದು, "ಮಾಸ್ತರ, ಓಡೂದು ಕಲಸ್ರಿ ಅಂತ ಬಿಟ್ಟೀವಿ, ಬೀಳೂದು ಯಾಕ ಕಲಸ್ತೀರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ತಿಳಿದವರು ಹೇಳಿ. ಹೆಂಡರ್ಸನ್ ಬರೀ ಓಟದಿಂದ ಇಷ್ಟು ಕದ್ದನಾ? ಅವನೂ ಔಟ್ ಆಗುತ್ತಿದ್ದನಾ? ಆ ಹಾರುವುದನ್ನು ಹುಡುಗರಿಗೆ ಕಲಿಸಬೇಕಾ, ಬೇಡವಾ? ಇನ್ನೊಂದು, ಇವನನ್ನು ನಾನು ಹಿಂದೆ ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸುತ್ತೇನೆ. ಚೆಂಡು ಮೇಲೆದ್ದ ಕೂಡಲೇ ಬಾಣದ ಹಾಗೆ ಮುಂದೆ ಓಡಿ ಬರುತ್ತಾನೆ, ಚೆಂಡು ತಲೆ ಮೇಲಿಂದ ಹಿಂದೆ ಹೋಗುತ್ತದೆ. ಅದಕ್ಕೆ ಏನು ಮಾಡಲಿ?

ಕ್ಯಾಂಪ್ ಏರಿಯಾ ಬೆಳಗಾವಿ

ಮಾಸ್ತರ್ರೆ, ನಿಮ್ಮ ಪ್ರಶ್ನೆ ಓದಿ ಚಹಾ ಆರಿಹೋಯಿತು. ನಾನು ಏಳು ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಶನಿವಾರ ರೈಲು ಹತ್ತಿ ಓಕ್ಲೆಂಡ್ ಕೊಲಿಸಿಯಂಗೆ ಹೋಗಿ ಕೂರುವುದು ರೂಢಿ. ಟಿಕೆಟ್ ಅಗ್ಗ, ಸ್ಟೇಡಿಯಂ ಹಳೆಯದು, ಅರ್ಧ ಸೀಟು ಖಾಲಿ. ಹೆಂಡರ್ಸನ್ ಆಟವನ್ನು ನಾನು ಕಣ್ಣಾರೆ ನೋಡಿದವನಲ್ಲ. ಅವನು ದೊಡ್ಡ ಲೀಗ್‌ನಲ್ಲಿ ಕೊನೆಗೆ ಆಡಿದ್ದು 2003ರಲ್ಲಿ, ಆಗ ವಯಸ್ಸು 44. ಆದರೆ ಆ ಊರಲ್ಲಿ ಅವನ ಮಾತು ಬರದೆ ಒಂದು ಆಟ ಮುಗಿಯುತ್ತಿರಲಿಲ್ಲ. 2017ರಲ್ಲಿ ಆ ಮೈದಾನಕ್ಕೆ ಅವನ ಹೆಸರನ್ನೇ ಇಟ್ಟರು.

ಎಡಗಡೆಯ ಔಟ್‌ಫೀಲ್ಡ್ ಹಿಂದೆ, ಅಂದರೆ ಹೆಂಡರ್ಸನ್ ನಿಲ್ಲುತ್ತಿದ್ದ ಜಾಗದ ಹಿಂದೆ, ನಾನು ಕೂರುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕ ಯಾವಾಗಲೂ ಇರುತ್ತಿದ್ದ. ಅಲ್ಲಿ ಬೇಸ್‌ಬಾಲ್ ನೋಡುತ್ತಾ ಸಿಪ್ಪೆ ಸಮೇತ ಹುರಿದ ಶೇಂಗಾ ತಿನ್ನುವುದು ಸಂಪ್ರದಾಯ. ನಮ್ಮ ಕಡೆಯ ಶೇಂಗಾ ತಿಂದು ಬೆಳೆದ ನನಗೆ ಅವು ಸಪ್ಪೆ, ಆದರೂ ಸಿಪ್ಪೆ ಒಡೆಯುವ ಸದ್ದಿಗೆ ಮನೆ ನೆನಪಾಗುತ್ತಿತ್ತು. ಆ ಮುದುಕ ಒಂದು ದಿನ ನನಗೆ ಹೇಳಿದ: "ನೀನು ಓಡುವವನನ್ನು ನೋಡುತ್ತಿದ್ದೀಯ. ಓಡುವವನು ಯಾರನ್ನು ನೋಡುತ್ತಿದ್ದಾನೆ ಅದನ್ನು ನೋಡು." ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ.

ಲೆಕ್ಕ ನೋಡಿ. ಬೇಸಿನಿಂದ ಬೇಸಿಗೆ 90 ಅಡಿ, ಅಂದರೆ 27 ಮೀಟರ್ ಚಿಲ್ಲರೆ. ಓಡುವವನು ಮೊದಲ ಬೇಸಿನಿಂದ ಹತ್ತು ಹನ್ನೆರಡು ಅಡಿ ಮುಂದೆ ಬಂದು ಬಗ್ಗಿ ನಿಂತಿರುತ್ತಾನೆ. ಪಿಚರ್ ಮೊದಲು ಅಲುಗಿದ ಕ್ಷಣದಿಂದ ಚೆಂಡು ಕ್ಯಾಚರ್ ಕೈ ಸೇರಲು ಸುಮಾರು 1.3 ಸೆಕೆಂಡ್. ಕ್ಯಾಚರ್ ಎದ್ದು ಎರಡನೇ ಬೇಸಿಗೆ ಎಸೆಯಲು ಇನ್ನೊಂದು 2 ಸೆಕೆಂಡ್. ಎಲ್ಲಾ ಸೇರಿ ಮೂರೂಕಾಲು. ಅಷ್ಟರಲ್ಲಿ ಉಳಿದ ಎಂಬತ್ತು ಅಡಿ ಮುಗಿಯಬೇಕು. ಇಲ್ಲಿ ಕಾಲು ಸೆಕೆಂಡ್ ತಡವಾಗಿ ಹೊರಟರೆ ಎಂಥ ಓಟಗಾರನೂ ಔಟ್. ಕಾಲು ಸೆಕೆಂಡ್ ಮೊದಲೇ ಹೊರಟರೆ ಪಿಚರ್ ತಿರುಗಿ ಮೊದಲ ಬೇಸಿಗೇ ಎಸೆದು ಹಿಡಿಯುತ್ತಾನೆ. ನಿಮ್ಮ ಹುಡುಗನಿಗೆ ಆಗುತ್ತಿರುವುದು ಇವೆರಡೇ ಅಲ್ವಾ?

ಆದರೆ ಪಿಚರ್‌ಗೆ ಒಂದು ಕಟ್ಟು ಇದೆ. ಬ್ಯಾಟ್ಸ್‌ಮನ್ ಕಡೆ ಎಸೆಯಲು ಒಮ್ಮೆ ಶುರು ಮಾಡಿದರೆ ನಡುವೆ ಮನಸ್ಸು ಬದಲಿಸಿ ಮೊದಲ ಬೇಸಿಗೆ ಎಸೆಯುವಂತಿಲ್ಲ. ಬಲಗೈ ಪಿಚರ್ ಆದರೆ, ಮುಂದಕ್ಕೆ ಎಸೆಯುವಾಗ ಎಡಗಾಲು ಮೊದಲು ಏಳುತ್ತದೆ. ಬೇಸಿಗೆ ಎಸೆಯುವುದಾದರೆ ಹಿಂದಿನ ಬಲ ಹಿಮ್ಮಡಿ ಮೊದಲು ಅಲುಗುತ್ತದೆ. ಆ ಎರಡು ಹಿಮ್ಮಡಿಗಳಲ್ಲಿ ಯಾವುದು ಮೊದಲು ಎಂದು ಓದುವುದೇ ಕಳ್ಳತನದ ಮುಕ್ಕಾಲು ಭಾಗ. ಓಟ ಆಮೇಲೆ.

ನಂಬಿಕೆ ಬರದಿದ್ದರೆ ಅದೇ ಓಕ್ಲೆಂಡ್ ತಂಡದ ಇನ್ನೊಂದು ಕಥೆ ಕೇಳಿ. ಹೆಂಡರ್ಸನ್ ಬರುವುದಕ್ಕೆ ಐದು ವರ್ಷ ಮೊದಲು, 1974ರಲ್ಲಿ, ತಂಡದ ಮಾಲೀಕ ಚಾರ್ಲಿ ಫಿನ್ಲಿ ಒಬ್ಬ ಅಥ್ಲೀಟನ್ನು ತಂದ. ಹೆಸರು ಹರ್ಬ್ ವಾಷಿಂಗ್ಟನ್. ಒಳಾಂಗಣ ಸ್ಪ್ರಿಂಟ್‌ನಲ್ಲಿ ಜಗತ್ತಿನ ಮುಂಚೂಣಿಯವನು. ಅವನ ಕೆಲಸ ಬರೀ ಓಡುವುದು. ಬೇರೆಯವರು ಹೊಡೆದು ಬೇಸ್ ಮುಟ್ಟಿದರೆ ಅವರ ಬದಲು ಇವನು ಹೋಗಿ ನಿಲ್ಲುವುದು. ಒಟ್ಟು 105 ಪಂದ್ಯ ಆಡಿದ, ಒಂದು ಸಲವೂ ಬ್ಯಾಟ್ ಹಿಡಿಯಲಿಲ್ಲ. 48 ಸಲ ಕದಿಯಲು ಹೋಗಿ 31 ಸಲ ಗೆದ್ದ, 17 ಸಲ ಔಟ್. 1974ರ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿ, ಅದರ ಎರಡನೇ ಪಂದ್ಯ, ಒಂಬತ್ತನೇ ಇನಿಂಗ್ಸ್. ಸಮ ಮಾಡುವ ರನ್ ಇವನದೇ. ಎದುರಾಳಿ ಡಾಡ್ಜರ್ಸ್ ತಂಡದ ಪಿಚರ್ ಮೈಕ್ ಮಾರ್ಷಲ್ ಮೆಲ್ಲಗೆ ತಿರುಗಿ ಮೊದಲ ಬೇಸಿಗೆ ಎಸೆದ. ಇವನು ಅಲ್ಲೇ ಔಟ್. ಅಷ್ಟು ವೇಗದ ಕಾಲಿಗೆ ಎರಡು ಹೆಜ್ಜೆ ಹಿಂದೆ ಬರಲು ಆಗಲಿಲ್ಲ.

ಈಗ ಹೆಂಡರ್ಸನ್. 1406 ಸಲ ಕದ್ದ, 335 ಸಲ ಸಿಕ್ಕಿಬಿದ್ದ. ಹೌದು ಮಾಸ್ತರ್ರೆ, ಔಟ್ ಆದ ದಾಖಲೆಯೂ ಅವನದೇ. 130 ಬೇಸ್ ಕದ್ದ 1982ರಲ್ಲೇ 42 ಸಲ ಔಟ್. ಹುಡುಗನಿಗೆ ಇದನ್ನು ಮೊದಲು ಹೇಳಿ. ಒಟ್ಟಾರೆ ನೂರಕ್ಕೆ 80ರ ಮೇಲೆ ಗೆಲುವು. ಆ ಸ್ಪ್ರಿಂಟರ್‌ದು ನೂರಕ್ಕೆ 65ರ ಹತ್ತಿರ. ಇನ್ನೊಂದು ಸಂಗತಿ: 1998ರಲ್ಲಿ, 39ನೇ ವಯಸ್ಸಿನಲ್ಲಿ, ಅವನು 66 ಬೇಸ್ ಕದ್ದು ಅಮೆರಿಕನ್ ಲೀಗ್‌ಗೇ ಮೊದಲಿಗ. ಆ ವಯಸ್ಸಿನಲ್ಲಿ ಕಾಲು ಇಪ್ಪತ್ತರದ್ದಲ್ಲ. ಕಣ್ಣು ಮಾತ್ರ ಇನ್ನೂ ಚೂಪಾಗಿತ್ತು.

1991ರ ಮೇ 1ರಂದು ಹಿಂದಿನ ಆಟಗಾರ ಲೂ ಬ್ರಾಕ್ ಕದ್ದಿದ್ದ 938 ಬೇಸಿನ ದಾಖಲೆ ಮುರಿದಾಗ ಮೂರನೇ ಬೇಸನ್ನೇ ನೆಲದಿಂದ ಕಿತ್ತು ತಲೆ ಮೇಲೆ ಎತ್ತಿ ಹಿಡಿದ. ಆ ಫೋಟೊ ಸಿಕ್ಕರೆ ಸ್ಟೋರ್ ರೂಮಿಗೆ ಅಂಟಿಸಿ. ಅದೇ ರಾತ್ರಿ ಟೆಕ್ಸಾಸ್‌ನಲ್ಲಿ 44 ವರ್ಷದ ಪಿಚರ್ ನೋಲನ್ ರಯನ್ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ, ಅವನ ಬಾಳಿನಲ್ಲಿ ಏಳನೆಯದು.

ಬಹಳ ಉದ್ದ ಆಯಿತು, ಆದರೆ ನೀವು ಮಾಸ್ತರ್ ಆದ್ದರಿಂದ ಇದೊಂದು ಹೇಳಲೇಬೇಕು. ಹೆಂಡರ್ಸನ್‌ಗೆ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಅಂದರೆ ಅಷ್ಟಕ್ಕಷ್ಟೇ, ಅವನ ಮನಸ್ಸೆಲ್ಲಾ ಅಮೆರಿಕನ್ ಫುಟ್‌ಬಾಲ್ ಮೇಲೆ. ಶಾಲೆಯ ಕೌನ್ಸೆಲರ್ ಒಬ್ಬರು ಅವನಿಗೆ ಆಸೆ ತೋರಿಸಿದರು. ಒಂದು ಹಿಟ್‌ಗೆ 25 ಸೆಂಟ್, ಒಂದು ರನ್‌ಗೆ 25, ಒಂದು ಬೇಸ್ ಕದ್ದರೆ 25. ಮೊದಲ ಹತ್ತು ಪಂದ್ಯದಲ್ಲೇ 33 ಬೇಸ್ ಕದ್ದೆ ಎಂದು 2009ರಲ್ಲಿ ಹಾಲ್ ಆಫ್ ಫೇಮ್ ಭಾಷಣದಲ್ಲಿ ಅವನೇ ನಗುತ್ತಾ ಹೇಳಿದ.

ಔಟ್‌ಫೀಲ್ಡ್ ಬಗ್ಗೆ: ಚೆಂಡು ನೇರ ತನ್ನ ಕಡೆ ಬಂದರೆ ಮೊದಲ ಹೆಜ್ಜೆ ಹಿಂದಕ್ಕೆ ಇಡಲು ಹೇಳಿ. ಯಾವಾಗಲೂ. ಹಿಂದೆ ಸರಿದವನು ಮುಂದೆ ಓಡಿ ಬರುವುದು ಸುಲಭ, ಮುಂದೆ ನುಗ್ಗಿದವನು ಹಿಂದೆ ಓಡಿ ಹಿಡಿಯುವುದು ಕಷ್ಟ. ದೊಡ್ಡ ಲೀಗ್‌ನಲ್ಲಿ ಈಗ ಕ್ಯಾಮೆರಾ ಇಟ್ಟು ಔಟ್‌ಫೀಲ್ಡರ್‌ನ ಮೊದಲ ಮೂರು ಸೆಕೆಂಡನ್ನೇ ಬೇರೆಯಾಗಿ ಅಳೆಯುತ್ತಾರೆ, ಎಷ್ಟು ಬೇಗ ಹೊರಟ, ಯಾವ ದಾರಿ ಹಿಡಿದ ಅಂತ. ನಿಮ್ಮ ಮುಧೋಳ ನಾಯಿ ಮೊಲ ಕಂಡ ಕಡೆ ನೇರ ನುಗ್ಗುತ್ತದೆ. ಔಟ್‌ಫೀಲ್ಡರ್ ಹಾಗೆ ಮಾಡಿದರೆ ಕೆಲಸ ಕೆಟ್ಟಿತು. ಚೆಂಡು ಬೀಳುವ ಜಾಗಕ್ಕೆ ಓಡಬೇಕು.

ಬಿಜಾಪುರ ಸೈಕಲ್

ಇಷ್ಟೆಲ್ಲಾ ಯಾಕ್ರೀ, ಹುಡುಗನಿಗೆ ಸುಮ್ನೆ ಒಂದು ಸೈಕಲ್ ಕೊಡಿಸಿ. ಅಂಥ ಕಾಲಿದ್ದವನು ನಮ್ಮ ಊರಲ್ಲಿ ಹುಟ್ಟಿದ್ದರೆ ಇಷ್ಟೊತ್ತಿಗೆ ಮೆಡಲ್ ತರುತ್ತಿದ್ದ.

ತಮಾಷೆ ಮಾಡಿದೆ ಅಣ್ಣಾ. ಆದರೆ ಮೊದಲ ಬೇಸಿನಲ್ಲಿ ಸಿಕ್ಕಿಬೀಳುವುದು ಅಂತ ಓದಿದಾಗ ಇದು ನಮಗೆ ಗೊತ್ತಿರುವುದೇ ಅನಿಸಿತು. ಕ್ರಿಕೆಟ್‌ನಲ್ಲಿ ನಾನ್ ಸ್ಟ್ರೈಕರ್ ಬೌಲರ್ ಚೆಂಡು ಬಿಡುವ ಮೊದಲೇ ಕ್ರೀಸ್ ಬಿಟ್ಟರೆ ಬೌಲರ್ ಬೇಲ್ಸ್ ಎಗರಿಸುತ್ತಾನಲ್ಲಾ, ಅದೇ. 1947ರಲ್ಲಿ ವಿನೂ ಮಂಕಡ್ ಸಿಡ್ನಿಯಲ್ಲಿ ಬಿಲ್ ಬ್ರೌನ್‌ಗೆ ಮಾಡಿದ್ದು, 2019ರ ಐಪಿಎಲ್‌ನಲ್ಲಿ ಅಶ್ವಿನ್ ಬಟ್ಲರ್‌ಗೆ ಮಾಡಿದ್ದು. ನಾವು ಅದಕ್ಕೆ ವರ್ಷಗಟ್ಟಲೆ ಮೋಸ, ಮರ್ಯಾದೆ ಅಂತ ಜಗಳ ಮಾಡಿದೆವು. ಬೇಸ್‌ಬಾಲ್‌ನವರು ಅದನ್ನೇ ಆಟ ಅನ್ನುತ್ತಾರೆ. ನನಗೆ ಅವರದೇ ಸರಿ ಅನಿಸುತ್ತದೆ. ಕದಿಯಲು ಬಂದವನಿಗೆ ಎಂಥಾ ಮರ್ಯಾದೆ?

ಮುಧೋಳ ಪಿ.ಟಿ. ಮಾಸ್ತರ್

ಬೆಳಗಾವಿ ಅಣ್ಣಾರ, ಕೋಟಿ ನಮಸ್ಕಾರ. ಹರ್ಬ್ ವಾಷಿಂಗ್ಟನ್ ಕಥೆ ಹುಡುಗನಿಗೆ ಹೇಳಿದೆ. ಅವನು ಕೇಳಿದ ಒಂದೇ ಪ್ರಶ್ನೆ, "ಬ್ಯಾಟ್ ಹಿಡೀದನ ರೊಕ್ಕಾ ಕೊಟ್ರರಿ ಸರ?"

ಹಿಮ್ಮಡಿ ನೋಡುವುದನ್ನು ನಿನ್ನೆ ಸಂಜೆ ಪ್ರಯತ್ನ ಮಾಡಿದೆವು. ಹನ್ನೆರಡು ಅಡಿಗೆ ಸುಣ್ಣದ ಗೆರೆ ಹಾಕಿ ಅಲ್ಲಿ ನಿಲ್ಲಿಸಿದೆ. ಆದರೆ ನಮ್ಮ ಪಿಚರ್ ಕೆಳಗಿನಿಂದ ಕೈ ತಿರುಗಿಸಿ ಎಸೆಯುತ್ತಾನೆ. ಎಡಗಾಲು, ಬಲಗಾಲು ಎಲ್ಲಾ ಒಂದೇ ಸಲ ಅಲುಗಿದ ಹಾಗೆ ಕಾಣುತ್ತದೆ. ಹುಡುಗ ಹತ್ತಕ್ಕೆ ಎಂಟು ಸಲ ಔಟ್. ಬೇಸ್ 90 ಅಡಿಗೇ ಇದೆ, ಟೇಪ್ ಹಿಡಿದು ಅಳೆದಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಖೋಖೋ ಅಕ್ಕ

ಸರ್, ಟೇಪ್ ಹಿಡಿದದ್ದರಲ್ಲೇ ತಪ್ಪಿದೆ. ನೀವು ಆಡಿಸುತ್ತಿರುವುದು ಅರ್ಧ ಬೇಸ್‌ಬಾಲ್, ಅರ್ಧ ಸಾಫ್ಟ್‌ಬಾಲ್. ಬೆಳಗಾವಿ ಅಣ್ಣ ಹೇಳಿದ್ದೆಲ್ಲಾ ಸರಿ, ಆದರೆ ಅದು ಬೇರೆ ಆಟ.

ನಾನು ಇಂಡಿ ತಾಲೂಕಿನವಳು. ಹೈಸ್ಕೂಲಿನಲ್ಲಿ ಖೋಖೋ, ಆಮೇಲೆ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಸಾಫ್ಟ್‌ಬಾಲ್ ಆಡಿದೆ. ಸಾಫ್ಟ್‌ಬಾಲ್‌ನಲ್ಲಿ ಬೇಸ್ ದೂರ 60 ಅಡಿ, 90 ಅಲ್ಲ. ಹನ್ನೆರಡು ಅಡಿ ಮುಂದೆ ಬಂದು ನಿಲ್ಲುವುದು ಇಲ್ಲವೇ ಇಲ್ಲ. ಪಿಚರ್ ಕೈಯಿಂದ ಚೆಂಡು ಬಿಡುವ ತನಕ ಕಾಲು ಬೇಸಿಗೆ ತಾಗಿರಬೇಕು. ಮೊದಲೇ ಬಿಟ್ಟರೆ ಅಂಪೈರ್ ಔಟ್ ಕೊಡುತ್ತಾರೆ. ಇನ್ನು ನೀವು 90 ಅಡಿಗೆ ಬೇಸ್ ಹಾಕಿ, ಸಾಫ್ಟ್‌ಬಾಲ್ ಪಿಚಿಂಗ್ ಇಟ್ಟು ಕದಿ ಅಂದರೆ ಹೆಂಡರ್ಸನ್ ಬಂದರೂ ಕೈ ಮುಗಿದು ಹೋಗುತ್ತಾನೆ.

ಹಾಗಾಗಿ ಹಿಮ್ಮಡಿ ಬಿಡಿ, ಕೈ ನೋಡಿಸಿ. ಪಿಚರ್ ಕೈ ಮೇಲೆ ಹೋಗಿ ಒಂದು ಸುತ್ತು ತಿರುಗಿ ಸೊಂಟದ ಹತ್ತಿರ ಬಂದಾಗ ಚೆಂಡು ಬಿಡುತ್ತದೆ. ಸೊಂಟಕ್ಕೆ ಬಂದ ಮೇಲೆ ಹೊರಡೋಣ ಅಂದರೆ ತಡ. ನಮ್ಮ ಕೋಚ್ ಕಲಿಸಿದ್ದು ಹೀಗೆ: ಎಡಗಾಲು ಬೇಸಿನ ಮುಂದಿನ ಅಂಚಿನ ಮೇಲೆ, ಬಲಗಾಲು ಬೇಸಿನ ಹಿಂದೆ. ಪಿಚರ್ ಕೈ ತಲೆ ಮೇಲೆ ಇದ್ದಾಗಲೇ ಹಿಂದಿನ ಕಾಲು ಎತ್ತಿ ಹೆಜ್ಜೆ ಶುರು ಮಾಡಬೇಕು. ಚೆಂಡು ಕೈ ಬಿಡುವ ಹೊತ್ತಿಗೆ ಹಿಂದಿನ ಕಾಲು ಮುಂದೆ ಬಂದಿರುತ್ತದೆ, ಮುಂದಿನ ಕಾಲು ಆಗ ತಾನೇ ಬೇಸ್ ಬಿಡುತ್ತದೆ. ಜೋಕಾಲಿ ಜೀಕುವಾಗ ಹಗ್ಗ ಹಿಂದೆ ಬರುವುದನ್ನು ಕಾದು ಕಾಲು ಒತ್ತುತ್ತೇವಲ್ಲಾ, ಅದೇ ಲಯ. ನನಗೆ ಇದು ಕೈಗೆ ಹತ್ತಲು ಹದಿನೈದು ದಿನ ಬೇಕಾಯಿತು. ಮೊದಲ ವಾರ ದಿನಾ ಬೇಗ ಬಿಟ್ಟು ಔಟ್ ಆಗುತ್ತಿದ್ದೆ.

ಆದರೆ ಸರ್, ನಿಮ್ಮ ಮೊದಲ ಪೋಸ್ಟ್‌ನಲ್ಲಿ ಒಂದು ಮಾತು ಬರೆದು ನೀವೇ ಅದನ್ನು ದಾಟಿಹೋಗಿದ್ದೀರಿ. ಕಬ್ಬು ಜಗ್ಗುವಾಗ ಯಾವ ಡ್ರೈವರ್ ಕನ್ನಡಿಗೂ ಅವನು ಬಿದ್ದಿಲ್ಲ ಅಂತ. ಅದು ಕಾಲಿನ ಕೆಲಸವಾ? ಡ್ರೈವರ್ ಯಾವಾಗ ನೋಡುತ್ತಾನೆ, ಯಾವಾಗ ನೋಡುವುದಿಲ್ಲ ಅಂತ ಆ ಹುಡುಗನಿಗೆ ಗೊತ್ತಿದೆ. ಖೋಖೋದಲ್ಲಿ ನಾವು ಚೇಸರ್‌ನ ಭುಜ ನೋಡುತ್ತಿದ್ದೆವು. ಅವಳು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ತಿರುಗುವಂತಿಲ್ಲ, ಭುಜ ತಿರುಗಿದರೆ ಫೌಲ್. ಅಣ್ಣ ಹೇಳಿದ ಬೇಸ್‌ಬಾಲ್ ಪಿಚರ್‌ನ ಕಟ್ಟು ಇದೇ ಅಲ್ವಾ? ಎದುರಾಳಿ ತಿರುಗಲಾರದ ಕ್ಷಣ ಹುಡುಕುವುದು. ಡ್ರೈವರ್‌ಗೂ ಅಂಥದ್ದೊಂದು ಕ್ಷಣ ಇದ್ದೇ ಇರುತ್ತದೆ. ಅದು ಯಾವುದು ಅಂತ ಹುಡುಗನನ್ನೇ ಕೇಳಿ. ಬೈಯದೆ ಕೇಳಿ.

ಹಾರುವುದು ಮಾತ್ರ ಬೇಡವೇ ಬೇಡ. ಅಮೆರಿಕದ ಲಿಟಲ್ ಲೀಗ್‌ನಲ್ಲಿ 12 ವರ್ಷದೊಳಗಿನ ಮಕ್ಕಳು ಮುಂದಿನ ಬೇಸಿಗೆ ಹೋಗುವಾಗ ತಲೆ ಮುಂದೆ ಮಾಡಿ ಹಾರಿದರೆ ಔಟ್ ಕೊಡುತ್ತಾರೆ. ಬೆರಳು, ಕುತ್ತಿಗೆ, ಮುಖ ಎಲ್ಲಾ ಅಪಾಯ. ಕಾಲು ಮುಂದೆ ಮಾಡಿ ಜಾರುವುದು ಕಲಿಸಿ. ಒಂದು ಕಾಲು ನೇರ, ಇನ್ನೊಂದು ಮೊಣಕಾಲಲ್ಲಿ ಮಡಚಿ ಅದರ ಕೆಳಗೆ, ಭಾರ ಕುಂಡಿ ಮೇಲೆ, ಕೈ ಎರಡೂ ಮೇಲೆ. ಗರಸಿನ ಮೇಲೆ ಇದನ್ನೂ ಕಲಿಸಬೇಡಿ. ಕಬ್ಬಿನವರ ಹತ್ತಿರ ತಾಡಪತ್ರಿ ಸಿಗುತ್ತದೆ, ಹಾಸಿ ಮೇಲೆ ನೀರು ಸುರಿಯಿರಿ. ಬೂಟು ಬಿಚ್ಚಿಸಿ. ಎರಡು ದಿನದಲ್ಲಿ ಬರುತ್ತದೆ, ಮೂರನೇ ದಿನ ನಿಲ್ಲಿಸಿದರೂ ನಿಲ್ಲುವುದಿಲ್ಲ.

ಕ್ಯಾಂಪ್ ಏರಿಯಾ ಬೆಳಗಾವಿ

ಅಕ್ಕಾರ, ತಪ್ಪು ಒಪ್ಪಿಕೊಂಡೆ. ಸಾಫ್ಟ್‌ಬಾಲ್ ಅಂತ ಮಾಸ್ತರ್ ಎರಡು ಸಲ ಬರೆದಿದ್ದರೂ ನಾನು ಹೆಂಡರ್ಸನ್ ಹೆಸರು ಕಂಡದ್ದೇ ಕುರುಡನ ಹಾಗೆ ಓಡಿದೆ. ಮೊದಲ ಹೆಜ್ಜೆ ಹಿಂದಕ್ಕೆ ಇಡಬೇಕಾಗಿತ್ತು.

ಹೆಂಡರ್ಸನ್ ತಲೆ ಮುಂದೆ ಮಾಡಿ ಜಾರುತ್ತಿದ್ದದ್ದು ನಿಜ. ಒಂದು ವಿಮಾನ ಮೆತ್ತಗೆ ಇಳಿಯುವುದನ್ನು ಗಮನಿಸಿ, ಹಾಗೆ ನೆಲಕ್ಕೆ ಹತ್ತಿರ ಬಂದು ಇಳಿಯುವುದನ್ನು ಕಲಿತೆ ಎಂದು ಅವನೇ ಹೇಳಿದ್ದಾನೆ. ಅವನಿಗೆ ಕೆಳಗೆ ಸಿಕ್ಕಿದ್ದು ದಿನಾ ನೀರು ಹಾಕಿ ಹದ ಮಾಡಿದ ಮಣ್ಣು. ಮುಧೋಳದ ಗರಸಿನ ಮೇಲೆ ಅವನೂ ಇಳಿಯುತ್ತಿರಲಿಲ್ಲ.

ತಾಡಪತ್ರಿ ಅಂದಾಗ ಇನ್ನೊಬ್ಬ ನೆನಪಾದ. ವಿನ್ಸ್ ಕೋಲ್ಮನ್, ಇವನೂ ಎಡಗಡೆಯ ಔಟ್‌ಫೀಲ್ಡರ್, ಸೇಂಟ್ ಲೂಯಿಸ್ ತಂಡ. 1985ರಲ್ಲಿ ಮೊದಲ ವರ್ಷದಲ್ಲೇ 110 ಬೇಸ್ ಕದ್ದ. ಯಾವ ಕ್ಯಾಚರ್‌ನ ಕೈಗೂ ಸುಲಭಕ್ಕೆ ಸಿಗದವನು. ಅದೇ ಅಕ್ಟೋಬರ್‌ನಲ್ಲಿ ಪ್ಲೇಆಫ್ ಪಂದ್ಯಕ್ಕೆ ಮೊದಲು ಮೈದಾನದಲ್ಲಿ ಮೈ ಸಡಿಲಿಸುತ್ತಾ ಬೇರೆ ಕಡೆ ನೋಡುತ್ತಾ ನಿಂತಿದ್ದ. ಮಳೆಗೆ ಮೈದಾನ ಮುಚ್ಚುವ ತಾಡಪತ್ರಿ ಉರುಳೆ, ಯಂತ್ರದ್ದು, ನಿಧಾನಕ್ಕೆ ಬಂದು ಅವನ ಕಾಲಿನ ಮೇಲೆ ಹತ್ತಿತು. ವರ್ಲ್ಡ್ ಸೀರೀಸ್ ಆಡಲು ಆಗಲೇ ಇಲ್ಲ. ಹಾಗಾಗಿ ತಾಡಪತ್ರಿ ಹಾಸುವಾಗ ಹುಡುಗನನ್ನು ದೂರ ನಿಲ್ಲಿಸಿ.

ಮುಧೋಳ ಪಿ.ಟಿ. ಮಾಸ್ತರ್

ಹತ್ತು ದಿನದ ವರದಿ. ತಡವಾಯಿತು, ನಡುವೆ ಪರೀಕ್ಷೆ ಡ್ಯೂಟಿ ಇತ್ತು.

ಮೊದಲು ಬೇಸನ್ನು 60 ಅಡಿಗೆ ತಂದೆ. ಆಗಿದ್ದೇನು ಗೊತ್ತಾ? ಊರೆಲ್ಲಾ ಕಳ್ಳರಾದರು. ಖೋಖೋದಲ್ಲಿ ಕೂತಲ್ಲಿಂದ ಏಳಲು ಬೇಸರ ಮಾಡುತ್ತಿದ್ದ ಹುಡುಗರೂ ಎರಡನೇ ಬೇಸ್ ಮೇಲೆ ನಿಂತು ಮೀಸೆ ತಿರುವತೊಡಗಿದರು. ನಮ್ಮ ಕ್ಯಾಚರ್ ಅಳುವುದೊಂದು ಬಾಕಿ. ಅವನಿಗೆ ಒಂದು ವಾರ ಬರೀ ಎದ್ದು ಎಸೆಯುವುದನ್ನೇ ಮಾಡಿಸಿದೆ. ಈಗ ಲೆಕ್ಕ ಸಮ ಆಗಿದೆ.

ಕಾಲಿನ ಲಯ ನಮ್ಮ ಹುಡುಗನಿಗೆ ನಾಲ್ಕೇ ದಿನದಲ್ಲಿ ಬಂತು. ಹಿಂದಕ್ಕೆ ಮೊದಲ ಹೆಜ್ಜೆ ಇಡುವುದು ಮಾತ್ರ ಇನ್ನೂ ಬಂದಿಲ್ಲ. ಹತ್ತರಲ್ಲಿ ನಾಲ್ಕು ಚೆಂಡು ಇನ್ನೂ ತಲೆ ಮೇಲಿಂದ ಹೋಗುತ್ತವೆ. ನೋಡೋಣ.

ಅಕ್ಕಾರ, ನೀವು ಹೇಳಿದಂತೆ ಕೇಳಿದೆ. ಬೈಯದೆ ಕೇಳಿದೆ, ಅದಕ್ಕೆ ಅವನಿಗೇ ಅನುಮಾನ ಬಂತು. ಸುಮಾರು ಹೊತ್ತು ಕಾಲಿನ ಹೆಬ್ಬೆರಳಿಂದ ನೆಲ ಕೆರೆದು ಆಮೇಲೆ ಹೇಳಿದ, "ದಿಬ್ಬ ಏರೂ ಮುಂದ ಗೇರ್ ಬದಲ ಮಾಡ್ತಾನಲ್ರಿ ಸರ, ಆಗ ಕನ್ನಡಿ ನೋಡಂಗಿಲ್ರಿ. ಲೋಡ್ ಗಾಡಿರಿ. ಗೇರ್ ತಪ್ಪಿದ್ರ ಹಿಂದ ಬರ್ತೈತಿ ಅಂತ ಕೆಳಗ ನೋಡ್ತಾನ್ರಿ."

ನಾನು ಕೇಳಿದೆ, ಹಾಗಾದರೆ ಇಲ್ಲಿ ಗೇರ್ ಯಾವುದು? ಗೊತ್ತಿಲ್ರಿ ಅಂದ.

ಮೊನ್ನೆ ಶನಿವಾರ ಎಂಟನೇ ಕ್ಲಾಸಿನವರ ಮೇಲೆ ಆಟ. ಇವನು ಮೊದಲ ಬೇಸಿನಲ್ಲಿದ್ದ. ಪಿಚರ್ ಎಸೆದ, ಇವನು ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟ. ಓಡು ಅಂತ ನಾನು ಕೂಗಿದೆ, ಓಡಲಿಲ್ಲ. ಹೆದರಿದ ಅಂದುಕೊಂಡೆ. ಕ್ಯಾಚರ್ ಇವನ ಕಡೆ ಒಂದು ಸಲ ಕಣ್ಣು ಹಾಯಿಸಿ, ಚೆಂಡನ್ನು ಮೆಲ್ಲಗೆ ಪಿಚರ್‌ಗೆ ವಾಪಸ್ ತೂರಿದ. ತೂರಿದವನೇ ಮುಖದ ಜಾಳಿಗೆ ಮೇಲೆತ್ತಿ ತೋಳಿನಿಂದ ಬೆವರು ಒರೆಸಿಕೊಂಡ. ಪ್ರತಿ ಚೆಂಡಿಗೂ ಅವನು ಹಾಗೇ ಮಾಡುತ್ತಾನೆ. ದಿನಾ ನೋಡುತ್ತಿದ್ದ ನನಗೇ ಅದು ಕಂಡಿರಲಿಲ್ಲ. ಚೆಂಡು ಕ್ಯಾಚರ್ ಕೈ ಬಿಟ್ಟು ಗಾಳಿಯಲ್ಲಿ ಇರುವಾಗಲೇ ಇವನು ಹೊರಟ. ಪಿಚರ್ ಚೆಂಡು ಹಿಡಿದು ತಿರುಗುವಷ್ಟರಲ್ಲಿ ಇವನು ಎರಡನೇ ಬೇಸಿನ ಮೇಲೆ ನಿಂತಿದ್ದ. ಜಾರಲೂ ಇಲ್ಲ, ಹಾರಲೂ ಇಲ್ಲ.

ಎಂಟನೇ ಕ್ಲಾಸಿನವರು ಇದು ಮೋಸ ಅಂತ ಅರ್ಧ ಗಂಟೆ ಜಗಳ ಮಾಡಿದರು. ನಿಯಮದಲ್ಲಿ ಸರಿ ಇದೆ ಅಲ್ವಾ ಅಕ್ಕಾರ? ನಾನು ಸರಿ ಅಂತ ತೀರ್ಪು ಕೊಟ್ಟಿದ್ದೇನೆ, ಈಗ ತಿರುಗಿಸಲು ಆಗುವುದಿಲ್ಲ.

ಅಂದಹಾಗೆ, ಆ 25 ಸೆಂಟ್ ಕಥೆ ಕೇಳಿ ನಾನೂ ಒಂದು ಬೇಸಿಗೆ ಒಂದು ಬಾಳೆಹಣ್ಣು ಅಂತ ಹೇಳಿದ್ದೆ. ಆಗ ಬೇಸ್ 90 ಅಡಿಗೆ ಇತ್ತು. ಶನಿವಾರ ಒಂದೇ ದಿನ ಎರಡೂವರೆ ಡಜನ್ ಹೋಯಿತು. ಸೋಮವಾರದಿಂದ ಶೇಂಗಾ, ಬೇಸಿಗೆ ಹತ್ತು ಕಾಳು.

ಖೋಖೋ ಅಕ್ಕ

ನಿಯಮದಲ್ಲಿ ಸರಿ ಇದೆ ಸರ್. ಪಿಚರ್ ತನ್ನ ವೃತ್ತದೊಳಗೆ ಚೆಂಡು ಹಿಡಿಯುವ ಮೊದಲೇ ಹೊರಟಿದ್ದರೆ, ನಿಲ್ಲದೆ ಒಂದೇ ದಿಕ್ಕಿಗೆ ಓಡಿದ್ದರೆ ಯಾರೂ ಔಟ್ ಕೊಡುವಂತಿಲ್ಲ. ನೀವು ವೃತ್ತ ಹಾಕಿದ್ದೀರಿ ತಾನೇ? ಪಿಚರ್ ನಿಲ್ಲುವ ಜಾಗದಿಂದ ಸುತ್ತಲೂ 8 ಅಡಿ. ಈ ಸಲ ಟೇಪ್ ಸರಿಯಾಗಿ ಹಿಡಿಯಿರಿ.